ಅಪ್‌ಡೇಟ್: ಜರ್ಮನಿ ಪ್ಯಾಕಿಂಗ್ ನೋಂದಣಿ ಆಯ್ತು

ಉಡುಪಿಯಿಂದ ಯಕ್ಷಗಾನದ ಬೊಂಬೆ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಪ್ಯಾಕಿಂಗ್ ನೋಂದಣಿ ಸಂಖ್ಯೆ ಇಲ್ಲವೆಂದು ಜರ್ಮನಿಗೆ ಮಾರಾಟ ನಿಂತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಮತ್ತೆ ಶುರುವಾಗಿದೆ.

ಕೆಲಸಕ್ಕೆ ಬಂದದ್ದು 'ಜರ್ಮನಿಯ ಪ್ಯಾಕಿಂಗ್ ನೋಂದಣಿ ವೆಬ್‌ಸೈಟ್ ಲೂಸಿಡ್‌ನಲ್ಲಿ ನೀವೇ ನೋಂದಾಯಿಸಿ' ಎಂದ ಅಕ್ಕನ ಸಲಹೆ. ನೋಂದಣಿಗೆ ದುಡ್ಡಿಲ್ಲ. ಆದರೆ ಪ್ಯಾಕಿಂಗ್ ಕಸ ಸಂಗ್ರಹಿಸಿ ಮರುಬಳಕೆ ಮಾಡಿಸುವ ಅಲ್ಲಿನ ಸಂಸ್ಥೆಯೊಂದರ ಜೊತೆ ಒಪ್ಪಂದವೂ ಬೇಕು. ಹಣ ಕಟ್ಟುವುದು ಅಲ್ಲಿ, ತೂಕದ ಲೆಕ್ಕದಲ್ಲಿ. ರಟ್ಟು ಬೇರೆ, ಪ್ಲಾಸ್ಟಿಕ್ ಬೇರೆ. ಎರಡೂ ಕಡೆ ಒಂದೇ ತೂಕ ಬರೆಯಬೇಕು. ಅಡುಗೆಮನೆ ತಕ್ಕಡಿಯಲ್ಲಿ ಟೇಪನ್ನೂ ತೂಗಿದೆ, ಬೊಂಬೆಯ ಕಿರೀಟದ ಸುತ್ತ ತುರುಕುವ ಪೇಪರನ್ನೂ. ಅದೂ ಪ್ಯಾಕಿಂಗೇ ಅಂತೆ!

ಸಣ್ಣ ವ್ಯಾಪಾರಕ್ಕೆ ವಿನಾಯಿತಿ ಇದೆ ಅಂದವರಿದ್ರಿ. ಇಲ್ಲ ಮಾರಾಯ್ರೆ, ಒಂದೇ ಪಾರ್ಸೆಲ್ ಆದರೂ ಬಿಡುವುದಿಲ್ಲ. ಏಜೆಂಟರಿಂದ ನೋಂದಣಿ ಮಾಡಿಸೋಣ ಅಂದರೆ ಅದೂ ಆಗಲ್ಲ. ಫ್ರಾನ್ಸ್‌ಗೆ ಈ ಸಂಖ್ಯೆ ನಡೆಯಲ್ಲ, ಅಲ್ಲಿನದು ಬೇರೆಯೇ.