ಪದ ಬೇಕು, ಬೇಗ: ಲಾಪ್ ಚೋಂಗ್, ‘ಕ್ಯೂರ್ ಮಾಡು’, ‘ಪಿಂಕ್ ಸಾಲ್ಟ್’

ಗೆಳೆಯರೇ,

ಹಾಂಗ್‌ಕಾಂಗ್‌ನ ಅಜ್ಜಿಯೊಬ್ಬರು ಮನೆಯಲ್ಲೇ ಲಾಪ್ ಚೋಂಗ್ ಮಾಡುವ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಳಿಸಬೇಕು. ಸಾಲು ಚಿಕ್ಕದಿರಬೇಕು.

ಅಜ್ಜಿ ಹಂದಿಮಾಂಸ, ನೆಣ ಎರಡನ್ನೂ ಬೇರೆ ಬೇರೆಯಾಗಿ ಸಣ್ಣಗೆ ಹೆಚ್ಚುತ್ತಾರೆ. ಉಪ್ಪು, ‘ಪಿಂಕ್ ಸಾಲ್ಟ್’, ಸಕ್ಕರೆ, ಸೋಯಾ ಸಾಸ್, ಗುಲಾಬಿ ಹೂವಿನ ಮದ್ಯ ಕಲಸುತ್ತಾರೆ. ತೊಳೆದ ಕರುಳಿಗೆ ಲಾಳಿಕೆ ಇಟ್ಟು ತುಂಬುತ್ತಾರೆ. ಗಾಳಿ ಸಿಕ್ಕಿಕೊಂಡ ಕಡೆ ಸೂಜಿ ಚುಚ್ಚಿ, ಗೇಣುದ್ದಕ್ಕೊಂದು ದಾರ ಕಟ್ಟಿ, ಬಾಲ್ಕನಿಯ ಬಿದಿರಿಗೆ ನೇತುಹಾಕುತ್ತಾರೆ.

ನನಗೆ ತೊಡಕಾಗಿರುವುದು ಮೂರು. ಒಂದು, ತಿನಿಸಿನ ಹೆಸರು. ಎರಡು, ‘ಕ್ಯೂರ್ ಮಾಡು’, ಅಂದರೆ ಮಾಂಸ ಕೆಡದ ಹಾಗೆ ಉಪ್ಪು ಬೆರೆಸಿ ಇಡುವುದು. ‘ಉಪ್ಪಿನಲ್ಲಿ ನೆನೆಸು’ ಅಂದರೆ ನೀರು ಕಣ್ಣಿಗೆ ಬರುತ್ತದೆ, ‘ಹದ ಮಾಡು’ ಅಂದರೆ ಚರ್ಮ. ಮೂರು, ‘ಪಿಂಕ್ ಸಾಲ್ಟ್’ ಅನ್ನುವುದಕ್ಕೆ ‘ಗುಲಾಬಿ ಉಪ್ಪು’ ನಡೆಯುತ್ತಾ?

*

ಮರು:

‘ಚೀನೀ ಸಾಸೇಜ್’. ಎಲ್ಲರಿಗೂ ಗೊತ್ತಿರುವ ಪದ. ಇದಕ್ಕೆ ಚರ್ಚೆಯೇ ಬೇಡ.

*

ಮರು:

ಎಲ್ಲರಿಗೂ ಗೊತ್ತು ಅಂತ ಕನ್ನಡ ಬಿಡುವುದಾದರೆ ಈ ಬಳಗ ಯಾಕೆ?

‘ಉಪ್ಪುಗರುಳು’ ಅನ್ನಿ. ಉಪ್ಪು, ಕರುಳು ಸೇರಿದಾಗ ಕಕಾರಕ್ಕೆ ಗಕಾರ, ಮಳೆಗಾಲದ ಹಾಗೆ. ನಮ್ಮ ಹಳ್ಳಿಗಳಲ್ಲಿ ಉಪ್ಪುಕಂಡ ಮಾಡಿ ಸೂರಿನಡಿ ಸರ ಕಟ್ಟುತ್ತಿದ್ದರು, ಆ ಸಾಲಿಗೆ ಇದು ಸೇರುತ್ತದೆ. ಅಂದಹಾಗೆ ಅದು ಉಪ್ಪುಕಂಡ. ‘ಉಪ್ಪುಖಂಡ’ ಅಂತ ಬರೆಯುವವರು ಮೊದಲು ಆ ಮಹಾಪ್ರಾಣ ಬಿಡಲಿ.

*

ಮರು:

ಹಾಗಾದರೆ ಉಪ್ಪುಕಂಡ ಯಾಕೆ ಉಪ್ಪುಗಂಡ ಆಗಲಿಲ್ಲ? ಆಡುವವರು ಕಿವಿಗೆ ಒಪ್ಪುವುದನ್ನು ಉಳಿಸಿಕೊಂಡರು. ಸಂಧಿ ತೋರಿಸಿದ ಮಾತ್ರಕ್ಕೆ ಪದ ನಿಲ್ಲುವುದಿಲ್ಲ.

‘ಉಪ್ಪುಗರುಳು’ ಓದಿದವರು ಬೋಟಿ ಅಂದುಕೊಳ್ಳುತ್ತಾರೆ. ಇಲ್ಲಿ ಕರುಳು ಬರೀ ಚೀಲ, ತಿನ್ನುವುದು ಒಳಗಿನ ಮಾಂಸ. ಇನ್ನು ಸಾಸೇಜ್. ಅದರ ಬೇರು ಲ್ಯಾಟಿನ್ನಿನ ‘ಸಾಲ್ಸುಸ್’, ಅಂದರೆ ಉಪ್ಪು ಹಾಕಿದ್ದು. ಲಾಪ್ ಚೋಂಗ್ ಅನ್ನುವ ಹೆಸರಿನಲ್ಲಿ ಉಪ್ಪೇ ಇಲ್ಲ. ‘ಚೋಂಗ್’ ಕರುಳು. ‘ಲಾಪ್’ ಚೀನೀ ಪಂಚಾಂಗದ ಹನ್ನೆರಡನೇ ತಿಂಗಳು. ವರ್ಷದ ಕೊನೆಗೆ ಹಿರಿಯರಿಗೂ ದೇವರಿಗೂ ಎಡೆ ಇಡುತ್ತಿದ್ದ ಹಬ್ಬದಿಂದ ಆ ಹೆಸರು ಬಂತು. ಮೇಣಕ್ಕೂ ಅದೇ ಉಚ್ಚಾರ, ಅಕ್ಷರ ಮಾತ್ರ ಬೇರೆ. ಅದಕ್ಕೇ ಕೆಲವು ಇಂಗ್ಲಿಷ್ ಮೆನುಗಳಲ್ಲಿ ‘ಮೇಣದ ಮಾಂಸ’ ಅಂತ ಇರುತ್ತದೆ. ದಯವಿಟ್ಟು ಅದನ್ನು ಕನ್ನಡಕ್ಕೆ ತರಬೇಡಿ.

ಇನ್ನೊಂದು ಹೇಳಲೇಬೇಕು. ಚೀನಾದಲ್ಲಿ ಲಿಪಿ ಸರಳ ಮಾಡಿದಾಗ ‘ಲಾಪ್’ನ ಕಷ್ಟದ ಅಕ್ಷರ ತೆಗೆದು, ಮೊದಲೇ ಇದ್ದ ಒಂದು ಸುಲಭದ ಅಕ್ಷರ ಹಾಕಿದರು. ಆ ಅಕ್ಷರದ ಹಳೆಯ ಅರ್ಥವೇ ಒಣಮಾಂಸ! ತಿಂಗಳ ಹೆಸರಿನ ಜಾಗಕ್ಕೆ ಒಣಮಾಂಸವೇ ಬಂದು ಕೂತಿತು.

ಹಾಂಗ್‌ಕಾಂಗ್‌ನಲ್ಲಿದ್ದಾಗ ಎರಡು ಚಳಿಗಾಲ ಇದನ್ನು ಮನೆಯಲ್ಲಿ ಮಾಡಿದ್ದೇನೆ. ಬಿಸಿಲಿಗಿಂತ ಮುಖ್ಯ ಗಾಳಿ. ಬಡಗಣದ ಒಣ ಗಾಳಿ ಬೀಸಿದಾಗಲೇ ನೇತುಹಾಕಬೇಕು. ನಾಲ್ಕೈದು ದಿನಕ್ಕೆ ಸಿಪ್ಪೆ ಸುಕ್ಕುಗಟ್ಟಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ನೆಣ ಗಾಜಿನ ಹಾಗೆ ಕಾಣುತ್ತದೆ. ತೂಕ ಮೂರನೇ ಒಂದು ಪಾಲು ಇಳಿದಿರುತ್ತದೆ. ಇದಕ್ಕೆ ‘ಒಣಗಿಸು’ ಒರಟಾಯಿತು. ‘ಆರಿಸು’ ಸರಿ. ಕ್ಯೂರ್ ಅನ್ನುವುದಕ್ಕೆ ‘ಉಪ್ಪು ಹಿಡಿಸು’. ಅಡುಗೆಮನೆಯಲ್ಲಿ ದಿನಾ ‘ಉಪ್ಪು ಹಿಡೀಲಿ, ಆಮೇಲೆ ಹುರಿ’ ಅನ್ನುತ್ತೇವೆ ಅಲ್ವಾ?

ಮೂರನೆಯದಕ್ಕೆ ಮಾತ್ರ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ‘ಗುಲಾಬಿ ಉಪ್ಪು’ ಅಂದರೆ ಜನ ಅಂಗಡಿಯಲ್ಲಿ ಸಿಗುವ ಹಿಮಾಲಯದ ಉಪ್ಪು ಹಾಕುತ್ತಾರೆ. ಅಜ್ಜಿ ಹಾಕುವುದು ಸೋಡಿಯಂ ನೈಟ್ರೈಟ್ ಬೆರೆಸಿದ ಉಪ್ಪು. ಸಾಮಾನ್ಯವಾಗಿ ಸಿಗುವುದರಲ್ಲಿ 6.25% ನೈಟ್ರೈಟ್ ಇರುತ್ತದೆ. ಒಂದು ಕಿಲೊ ಮಾಂಸಕ್ಕೆ ಆ ಬೆರಕೆ ಉಪ್ಪು 2.5 ಗ್ರಾಂ, ಅಳತೆ ಮೀರಿ ಹಾಕಿದರೆ ವಿಷ. ಹಾಕದೇ ಇದ್ದರೆ ಬೊಟುಲಿಸಂ ಭಯ, ಕೆಟ್ಟ ಆಹಾರದ ವಿಷದಿಂದ ಬರುವ ಮಾರಕ ಕಾಯಿಲೆ ಅದು. ಆ ಕಾಯಿಲೆಯ ಹೆಸರೇ ಲ್ಯಾಟಿನ್ನಿನ ‘ಬೊಟುಲುಸ್’ನಿಂದ ಬಂದದ್ದು, ಅಂದರೆ ಸಾಸೇಜ್. ‘ಪೆಟ್ಲುಪ್ಪು’ ಅಂತಲೂ ಬರೆಯಬೇಡಿ, ಅದು ನೈಟ್ರೇಟ್, ಬೇರೆ ವಸ್ತು. ‘ನೈಟ್ರೈಟ್ ಉಪ್ಪು’ ಅಂತಲೇ ಹಾಕಿ, ಅಳತೆ ಬಿಡಬೇಡಿ.

*

ಮರು:

‘ಆರಿಸು’ ಅಂದರೆ ಆಯ್ದುಕೊಳ್ಳುವುದು, ದೀಪ ನಂದಿಸುವುದು. ಸಾಸೇಜ್ ಆರಿಸಿ ಅಂದರೆ ಅಂಗಡಿಯಲ್ಲಿ ಆಯ್ದುಕೊಳ್ಳುತ್ತಾರೆ. ಈ ಸಲಹೆ ಸರಿಯಿಲ್ಲ.

*

ಮರು:

‘ಗಾಳಿಗೆ ಆರಿಸು’ ಅನ್ನಿ. ಗಾಳಿಗೆ ಬಟ್ಟೆ ಆರ ಹಾಕಿದ ಯಾವ ಮನೆಯಲ್ಲೂ ಗೊಂದಲ ಆಗಿಲ್ಲ.

ದೀಪದ ಮಾತು ಬಂತಲ್ಲ. ಆರಿಸು ಅನ್ನಬಾರದು ಅಂತ ನಾವು ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ಹಾಂಗ್‌ಕಾಂಗ್‌ನಲ್ಲಿ ಕ್ಯಾಂಟನೀಸ್ ಆಡುವವರೂ ಹಾಗೇ. ಲಿವರ್‌ಗೆ ಅವರಲ್ಲಿ ‘ಗೋನ್’. ಒಣಗಿದ್ದು ಅನ್ನುವುದಕ್ಕೂ ಅದೇ ಉಚ್ಚಾರ, ಕೈ ಬರಿದಾದ ಹಾಗೆ ಅಂತ ಅಪಶಕುನ. ಹಾಗಾಗಿ ಲಿವರ್ ತುಂಬಿದ್ದಕ್ಕೆ ‘ಯೂನ್ ಚೋಂಗ್’ ಅನ್ನುತ್ತಾರೆ, ‘ಯೂನ್’ ಅಂದರೆ ತೇವ. ಹೀಗೆ ಅಳೆದು ತೂಗಿ ಇಟ್ಟ ಹೆಸರನ್ನು ನಾವು ಸುಮ್ನೆ ಅಳಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ.

*

ಮರು:

ಕಾರವಾರ, ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ‘ಚೋರಿಸ್’ ಇದೆಯಲ್ಲ, ಅದನ್ನೇ ಯಾಕೆ ಬಳಸಬಾರದು?

*

ಮರು:

ಬಾರದು. ಚೋರಿಸ್ ಪೋರ್ಚುಗೀಸರಿಂದ ಬಂದದ್ದು, ಒಣಮೆಣಸಿನಕಾಯಿ ಮತ್ತು ವಿನೆಗರ್‌ನದ್ದು. ಇದು ಸಿಹಿ.

*

ಮರು:

ಪೋರ್ಚುಗೀಸರದು ಬೇಡ, ಚೀನೀಯರದು ಬೇಕು! ಸಮುದ್ರದಾಚೆಯಿಂದ ಹೊಸ ಕಾಯಿ ಬಂದಾಗ ನಮ್ಮವರು ಮೆಣಸಿನಿಂದ ‘ಮೆಣಸಿನಕಾಯಿ’ ಕಟ್ಟಿದರು. ಆ ಧೈರ್ಯ ಈಗ ಎಲ್ಲಿ ಹೋಯಿತು?

*

ಮರು:

ಹೋಗಿಲ್ಲ. ಅದೇ ಜನ ‘ಚಹಾ’ ಅನ್ನುವ ಚೀನೀ ಪದವನ್ನೂ ತಗೊಂಡು ದಿನಾ ಕುಡಿಯುತ್ತಿದ್ದಾರೆ. ವಸ್ತು ಹೆಸರಿನ ಸಮೇತ ಬಂದರೆ ಹೆಸರು ಇರಲಿ. ಕ್ರಿಯೆ ನಮ್ಮದಿರಲಿ.

*

ಮರು:

ಎಲ್ಲರಿಗೂ ವಂದನೆ, ಈಗ ಕಳಿಸುತ್ತಿದ್ದೇನೆ. ಹೆಸರು ‘ಲಾಪ್ ಚೋಂಗ್’, ಮೊದಲ ಸಲ ಬಂದಾಗ ಮಾತ್ರ ‘ಚೀನೀ ಸಾಸೇಜ್’ ಅಂತ ಜೊತೆಗಿರುತ್ತದೆ. ಸಾಲುಗಳು ಹೀಗಿವೆ:

ರಾತ್ರಿಯಿಡೀ ಉಪ್ಪು ಹಿಡಿಸಿ.
ಕಿಲೊಗೆ ನೈಟ್ರೈಟ್ ಉಪ್ಪು 2.5 ಗ್ರಾಂ ಮಾತ್ರ.
ಕರುಳಿಗೆ ತುಂಬಿ, ಗಾಳಿಗೆ ಆರಿಸಿ.

*

ಮರು:

‘ಕಿಲೊಗೆ’ ಅಲ್ಲ, ‘ಕಿಲೊಗ್ರಾಂಗೆ’. ಉಪ್ಪುಗರುಳು ನಾನು ಬಿಟ್ಟುಕೊಟ್ಟಿಲ್ಲ.