ಮಳೆಗಾಲದಲ್ಲಿ ಪ್ಯಾರಾಶೂಟ್ ರಿಗ್ ಮನೆಯಲ್ಲಿ ಎಲ್ಲಿಡುವುದು? ಜೊತೆಗೊಂದು ವಿಂಗ್‌ಸೂಟ್ ಪ್ರಶ್ನೆ

ಬದಿಯಡ್ಕದವ:

ನಮಸ್ಕಾರ ಎಲ್ಲರಿಗೂ. ಊರು ಬದಿಯಡ್ಕದ ಹತ್ತಿರ, ಕೆಲಸ ದುಬೈಯಲ್ಲಿ. ಅಲ್ಲಿ ಎರಡು ವರ್ಷದಿಂದ ಸ್ಕೈಡೈವಿಂಗ್ ಹುಚ್ಚು ಹಿಡಿದಿದೆ. 25 ಜಂಪ್ ಮುಗಿಸಿ ಮೊದಲ ಹಂತದ ಎ ಲೈಸೆನ್ಸ್ ಮಾಡಿಕೊಂಡೆ, ಈಗ ಲಾಗ್‌ಬುಕ್ಕಿನಲ್ಲಿ 86 ಉಂಟು. ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ ಕಳೆದ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ರಿಗ್, ಅಂದರೆ ಬೆನ್ನಿಗೆ ಕಟ್ಟುವ ಪ್ಯಾರಾಶೂಟ್ ಸೆಟ್ಟು, ತೆಗೆದುಕೊಂಡೆ. 190 ಚದರಡಿಯ ಮೇನ್ (ಮುಖ್ಯ ಪ್ಯಾರಾಶೂಟ್), ಒಂದು ರಿಸರ್ವ್ (ಅದು ಕೈಕೊಟ್ಟರೆ ಬಳಸುವ ಎರಡನೆಯದು), ಸೈಪ್ರೆಸ್ ಎಎಡಿ (ನಾವು ಬಿಡಿಸದಿದ್ದರೆ ತಾನೇ ರಿಸರ್ವ್ ಬಿಡಿಸುವ ಯಂತ್ರ). ನಾನು 74 ಕಿಲೋ, ರಿಗ್ಗು ಹೆಲ್ಮೆಟ್ಟು ಎಲ್ಲ ಸೇರಿ ಇನ್ನೊಂದು 12, ಪೌಂಡಿನಲ್ಲಿ ಲೆಕ್ಕ ಹಾಕಿದರೆ ಸುಮಾರು 190. ಚದರಡಿಗೆ ಒಂದು ಪೌಂಡ್, ಹೊಸಬನಿಗೆ ಸರಿ ಅಂತ ಇನ್‌ಸ್ಟ್ರಕ್ಟರ್ ಹೇಳಿದ್ದರು.

ಈಗ ವಿಷಯ ಎಂತ ಅಂದರೆ, ಕಾಂಟ್ರಾಕ್ಟ್ ಮುಗಿಸಿ ಊರಿಗೆ ಬಂದಿದ್ದೇನೆ, ಹೊಸ ಕೆಲಸ ಅಕ್ಟೋಬರಿಗೆ. ಅಷ್ಟರವರೆಗೆ ರಿಗ್ ಇಲ್ಲೇ ಇರಬೇಕು. ಮರುಭೂಮಿಯಲ್ಲಿ ಅದನ್ನು ನೋಡಿಕೊಳ್ಳುವುದು ಗೊತ್ತು, ನಮ್ಮ ಮಳೆಯಲ್ಲಿ ಗೊತ್ತಿಲ್ಲ. ಈ ಮನೆಯಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಕಪಾಟಿನಲ್ಲಿ ಮಡಿಸಿಟ್ಟ ಪಂಚೆಗೂ ಬರುತ್ತದೆ. ಸದ್ಯಕ್ಕೆ ಪ್ಯಾಕ್ ಮಾಡಿದ ಹಾಗೆಯೇ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಹಿಂದಿನ ಕೋಣೆಯ ಅಟ್ಟದಲ್ಲಿ ಇಟ್ಟಿದ್ದೇನೆ. ನಡುವೆ ಬಿಸಿಲು ಬಂದ ದಿನ ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಿದರೆ ಸಾಕಾ?

ಎರಡನೆಯದು, ಜೊತೆಯಲ್ಲಿ ಹಾರುತ್ತಿದ್ದ ಒಬ್ಬ ಹೊಸ ವಿಂಗ್‌ಸೂಟ್ (ಕೈಕಾಲಿನ ನಡುವೆ ಬಟ್ಟೆಯ ರೆಕ್ಕೆ ಇರುವ ಉಡುಪು) ತರಿಸಿಕೊಂಡಿದ್ದಾನೆ, ಹಳೆಯದನ್ನು ಬಹಳ ಕಮ್ಮಿಗೆ ಕೊಡುತ್ತಾನಂತೆ. ಇಬ್ಬರದೂ ಒಂದೇ ಎತ್ತರ. ಈಗ ತೆಗೆದಿಟ್ಟು ಅಕ್ಟೋಬರಿನಲ್ಲಿ ಶುರು ಮಾಡಬಹುದು ಅಂತ ಆಸೆ. 200 ಜಂಪ್ ಬೇಕು ಅನ್ನುವುದು ಗೊತ್ತು, ಆದರೆ ಅದು ಸುಮ್ನೆ ಒಂದು ನಂಬರ್ ಅಲ್ವಾ?

ಮುಳ್ಳೇರಿಯ_ಬೈಕ್:

ಮಾರಾಯಾ, ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವರು ಕಾಲಿಗೆ ತಳೆ ಹಾಕಿ ಒಂದು ಅಡಿಕೆ ಮರ ಹತ್ತಿದರೆ ಹತ್ತು ಮರ ಮುಗಿದ ಮೇಲೆಯೇ ಇಳಿಯುವುದು, ಮರ ಬಗ್ಗಿಸಿ ಒಂದರಿಂದ ಒಂದಕ್ಕೆ ದಾಟುತ್ತಾರೆ. ಅವರಿಗೆ ಲೈಸೆನ್ಸೂ ಇಲ್ಲ, ರಿಸರ್ವೂ ಇಲ್ಲ. ನೀನು ಅಷ್ಟು ದುಡ್ಡು ಕೊಟ್ಟು ವಿಮಾನದಿಂದ ಬೀಳುತ್ತೀ.

ತಮಾಷೆ ಬಿಡು. ಇದನ್ನು ನಮ್ಮ ದೇಶದಲ್ಲೇ ಮಾಡಲು ಆಗುವುದಿಲ್ಲವಾ? ಮತ್ತೆ ಅಮ್ಮನಿಗೆ ಗೊತ್ತುಂಟಾ?

ಮಂಜೇಶ್ವರದ ಅಕ್ಕ:

ಎಂಟು ವರ್ಷ ಹೊರದೇಶದಲ್ಲಿ ಸ್ಕೈಡೈವಿಂಗ್ ನಡೆಯುವ ಡ್ರಾಪ್‌ಝೋನ್‌ಗಳಲ್ಲಿ ಪ್ಯಾಕರ್ ಆಗಿ, ಪ್ಯಾರಾಶೂಟ್ ಮಡಿಸಿಡುವ ಕೆಲಸ ಮಾಡಿದ್ದೇನೆ, ನನ್ನವೇ 640 ಜಂಪ್. ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಹೇಳು ತಮ್ಮಾ, ಆ ಹಿಂದಿನ ಕೋಣೆಯಲ್ಲಿ ಬೇರೆ ಎಂತೆಲ್ಲ ಉಂಟು? ನೀನು ಬೂಸ್ಟಿನ ಬಗ್ಗೆ ಕೇಳಿದ್ದೀ, ನನಗೆ ಹೆದರಿಕೆ ಬೂಸ್ಟಿನದ್ದಲ್ಲ. ನೈಲಾನ್ ಬಟ್ಟೆಯನ್ನು ಬೂಸ್ಟು ತಿಂದು ಮುಗಿಸುವುದಿಲ್ಲ, ಕಲೆ ಬೀಳುತ್ತದೆ, ವಾಸನೆ ಬರುತ್ತದೆ, ಅಷ್ಟೇ. ಆಸಿಡ್ ಹಾಗಲ್ಲ. ನಮ್ಮ ಕಡೆ ರಬ್ಬರ್ ಇರುವ ಮನೆಗಳಲ್ಲಿ ಹಾಲು ಗಟ್ಟಿ ಮಾಡಿ ಶೀಟ್ ಹೊಡೆಯಲು ಒಂದು ಆಸಿಡ್ ಕ್ಯಾನ್ ಇರುತ್ತದಲ್ಲ, ಅದು ಫಾರ್ಮಿಕ್ ಆಸಿಡ್. ಲ್ಯಾಬಿನಲ್ಲಿ ನೈಲಾನನ್ನು ಕರಗಿಸಬೇಕಾದರೆ ಬಳಸುವುದು ಅದನ್ನೇ! ನಿನ್ನ ಕ್ಯಾನಪಿ, ಅಂದರೆ ಪ್ಯಾರಾಶೂಟಿನ ಬಟ್ಟೆ, ನೈಲಾನ್, ಮೈಗೆ ಕಟ್ಟುವ ಹಾರ್ನೆಸ್ಸಿನ ಪಟ್ಟಿ ನೈಲಾನ್, ಹೊಲಿದ ನೂಲೂ ನೈಲಾನ್. ಇನ್ವರ್ಟರ್ ಬ್ಯಾಟರಿಯೂ ಅಷ್ಟೇ, ಅದರೊಳಗೆ ಇರುವುದು ಸಲ್ಫ್ಯೂರಿಕ್ ಆಸಿಡ್. ಕರೆಂಟ್ ಹೋಗುವ ಊರು ನಮ್ಮದು, ಇನ್ವರ್ಟರ್ ಇಲ್ಲದ ಮನೆ ಕಮ್ಮಿ, ಅದನ್ನು ಇಡುವುದು ಹಿಂದಿನ ಕೋಣೆಯಲ್ಲೇ. ಅಡಿಕೆಗೆ ಬಿಡುವ ಮದ್ದಿನ ಮೈಲುತುತ್ತು, ಸುಣ್ಣ, ಸ್ಪ್ರೇಯರ್ ಕೂಡ ಅಲ್ಲೇ. ಒಟ್ಟಿನಲ್ಲಿ ಪ್ಯಾರಾಶೂಟ್ ಇಡಬಾರದ ಕೋಣೆ ಯಾವುದು ಅಂತ ಕೇಳಿದರೆ ನಮ್ಮ ಹಿಂದಿನ ಕೋಣೆ ಅಂತಲೇ ಹೇಳಬೇಕು. ಆಸಿಡ್ ತಾಗಿದ ಪಟ್ಟಿ ಎಷ್ಟೋ ಸಲ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಗಟ್ಟಿ ಮಾತ್ರ ಇರುವುದಿಲ್ಲ.

ಅಂಗಳದ ಬಿಸಿಲು ಖಂಡಿತ ಬೇಡ. ನೈಲಾನಿಗೆ ಬಿಸಿಲಿನ ಯುವಿ ಕೂಡ ಶತ್ರುವೇ. ಹಗ್ಗಕ್ಕೆ ಕಟ್ಟಿದ ಹಳೆ ನೈಲಾನ್ ಸೀರೆ ಬಿಸಿಲಿಗೆ ಪುಡಿಪುಡಿ ಆಗುವುದು ನೋಡಿದ್ದೀಯಲ್ಲ. ಅಡಿಕೆಗೆ ಒಳ್ಳೆಯದಾದದ್ದೆಲ್ಲ ಕ್ಯಾನಪಿಗೆ ಒಳ್ಳೆಯದಲ್ಲ.

ಬಾಯಿ ಕಟ್ಟಿದ ಪ್ಲಾಸ್ಟಿಕ್ಕೂ ಬೇಡ. ಕಟ್ಟುವಾಗ ಒಳಗಿದ್ದ ತೇವ ಅಲ್ಲೇ ಉಳಿಯುತ್ತದೆ. ಮಲಗುವ ಕೋಣೆಯಲ್ಲಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ, ದಪ್ಪ ಹತ್ತಿಬಟ್ಟೆಯ ಚೀಲದಲ್ಲಿ ಇಡು. ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಿಸು. ಇಲಿ ಬಾರದ ಜಾಗ ಆಗಬೇಕು. ಹಾರುವುದು ಅಕ್ಟೋಬರಿಗೆ ಅಂತಾದರೆ ಮೇನನ್ನು ಬೆನ್ನಿನ ಚೀಲದೊಳಗೆ, ಅಂದರೆ ಕಂಟೇನರಿನೊಳಗೆ ಒತ್ತಿ ಇಡುವ ಅಗತ್ಯವೂ ಇಲ್ಲ, ಬಿಚ್ಚಿ ಸಡಿಲವಾಗಿ ಇಡು. ಲೈನ್ (ಪ್ಯಾರಾಶೂಟಿನ ಹಗ್ಗ) ಸುತ್ತುವ ರಬ್ಬರ್ ಬ್ಯಾಂಡ್‌ಗಳು ಈ ಸೆಕೆಗೆ ಅಂಟಂಟಾಗುತ್ತವೆ, ಹೋಗುವ ಮೊದಲು ಎಲ್ಲವನ್ನೂ ಬದಲಿಸು. ರಿಸರ್ವನ್ನು ಮಾತ್ರ ಮುಟ್ಟಬೇಡ, ಅದರ ಕೆಂಪು ನೂಲು, ಸೀಸದ ಸೀಲು ರಿಗ್ಗರಿನದ್ದು, ಅಂದರೆ ರಿಸರ್ವ್ ಪ್ಯಾಕ್ ಮಾಡಲು, ರಿಪೇರಿ ಮಾಡಲು ಲೈಸೆನ್ಸ್ ಇರುವವರದ್ದು.

ಮತ್ತೊಂದು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಭುಜದ ಹತ್ತಿರ ಮೇನನ್ನು ಹಾರ್ನೆಸ್ಸಿಗೆ ಹಿಡಿದಿಡುವ 3-ರಿಂಗ್ ಅನ್ನು ತಿಂಗಳಿಗೊಮ್ಮೆ ಬಿಚ್ಚಿ, ಪಟ್ಟಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಾಗಿಸಿ ತಿರುಗಿ ಜೋಡಿಸಬೇಕು, ಹಾರದಿದ್ದರೂ ಮಾಡಬೇಕು. 1970ರ ದಶಕದಲ್ಲಿ ಬಿಲ್ ಬೂತ್ ಕಂಡುಹಿಡಿದ ಈ ವ್ಯವಸ್ಥೆ ಎಷ್ಟು ಸರಳ ಅಂದರೆ, ಮೂರು ಬಳೆ ಒಂದರೊಳಗೊಂದು, ಪ್ರತಿಯೊಂದೂ ಭಾರವನ್ನು ಕಮ್ಮಿ ಮಾಡುತ್ತಾ ಹೋಗಿ ಕೊನೆಗೆ ಇಡೀ ಮನುಷ್ಯನನ್ನು ಒಂದು ಸಣ್ಣ ಲೂಪು, ಒಂದು ಕೇಬಲ್ಲು ಹಿಡಿದಿರುತ್ತದೆ. ಆದರೆ ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೆ ಪಟ್ಟಿ ಅದೇ ಆಕಾರಕ್ಕೆ ಸೆಟೆದು ನಿಲ್ಲುತ್ತದೆ, ಕಟ್ಅವೇ ಮಾಡುವಾಗ, ಅಂದರೆ ಕೈಕೊಟ್ಟ ಮೇನನ್ನು ಕಳಚುವಾಗ, ಬಿಟ್ಟುಕೊಳ್ಳಲು ತಡ ಆಗಬಹುದು. ಕೇಬಲ್ಲನ್ನೂ ಒರೆಸಿ ಇಡು.

ಇನ್ನು ವಿಂಗ್‌ಸೂಟ್. 200 ಸುಮ್ನೆ ನಂಬರ್ ಅಲ್ಲ. ನಿನ್ನದೇ ಸೈಪ್ರೆಸ್ ತೆಗೆದುಕೋ. ಎಕ್ಸ್‌ಪರ್ಟ್ ಮಾಡೆಲ್ ಆದರೆ, ಸುಮಾರು 225 ಮೀಟರ್ ಎತ್ತರದಲ್ಲೂ ನೀನು ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳುತ್ತಿದ್ದರೆ ಅದು ರಿಸರ್ವನ್ನು ಮುಚ್ಚಿಟ್ಟ ಲೂಪನ್ನು ಕತ್ತರಿಸಿ ರಿಸರ್ವ್ ಬಿಡಿಸುತ್ತದೆ. 35 ಮೀಟರ್ ಅಂದರೆ ಗಂಟೆಗೆ 126 ಕಿ.ಮೀ. ಹೊಟ್ಟೆ ಕೆಳಗೆ ಮಾಡಿ ಬೀಳುವವ 190ರ ಹತ್ತಿರ ಇರುತ್ತಾನೆ, ಹಾಗಾಗಿ ಎಚ್ಚರ ತಪ್ಪಿದರೂ ಯಂತ್ರ ಕಾಯುತ್ತದೆ. ವಿಂಗ್‌ಸೂಟಿನಲ್ಲಿ ಚೆನ್ನಾಗಿ ಹಾರುವವ ಕೆಳಕ್ಕೆ ಇಳಿಯುವುದು 100ಕ್ಕಿಂತಲೂ ಕಮ್ಮಿ. ಅಂದರೆ ನೆಲ ಮುಟ್ಟುವವರೆಗೂ ಸೈಪ್ರೆಸ್ ಸುಮ್ಮನೆ ಕೂತಿರಬಹುದು. ಅದರ ತಪ್ಪಲ್ಲ, ಅದರ ಲೆಕ್ಕದಲ್ಲಿ ನೀನು ಬೀಳುತ್ತಲೇ ಇಲ್ಲ.

ಹಾರುವ ಬಾಗಿಲಲ್ಲೇ ರೆಕ್ಕೆ ಬಿಡಿಸಿದರೆ ವಿಮಾನದ ಬಾಲಕ್ಕೆ ಬಡಿಯುತ್ತೀ. ಬೆನ್ನ ಹಿಂದೆ ಗಾಳಿ ಸತ್ತಿರುವ ಜಾಗ ದೊಡ್ಡದು, ಮೇನನ್ನು ಎಳೆದು ಹೊರತರುವ ಸಣ್ಣ ಪೈಲಟ್ ಚೂಟ್ ಅಲ್ಲೇ ಹೊರಳಾಡಬಹುದು. ಲೈನ್ ತಿರುಚಿಕೊಂಡರೆ ಕೈಯ ಝಿಪ್ ಬಿಚ್ಚುವವರೆಗೆ ಲೈನನ್ನು ಹಾರ್ನೆಸ್ಸಿಗೆ ಸೇರಿಸುವ ರೈಸರ್ ಪಟ್ಟಿ ಸರಿಯಾಗಿ ಸಿಗುವುದಿಲ್ಲ. ಇದೆಲ್ಲ ಒಂದೇ ಸಲ ಬರುವಾಗ ಪ್ಯಾರಾಶೂಟ್ ಬಿಡಿಸುವುದು, ಇಳಿಯುವುದು ಯೋಚನೆ ಇಲ್ಲದೆ ಕೈಯೇ ಮಾಡಬೇಕು. 86ರಲ್ಲಿ ಕೈ ಅಷ್ಟು ಪಳಗಿರುವುದಿಲ್ಲ, ನನ್ನದಂತೂ ಪಳಗಿರಲಿಲ್ಲ.

ಸೂಟು ಕಮ್ಮಿಗೆ ಸಿಕ್ಕಿತು ಅಂತ ಅದು ನಿನಗೆ ಹೇಳಿಸಿದ್ದಲ್ಲ. ಹಳಬರ ಸೂಟಿನ ರೆಕ್ಕೆ ದೊಡ್ಡದಿರುತ್ತದೆ. ಮೊದಲ ಸಲ ಹಾರುವವರಿಗೆ ಸಣ್ಣ ರೆಕ್ಕೆಯದ್ದು ಕೊಡುತ್ತಾರೆ, ಕೋರ್ಸ್ ಮಾಡಿಸುವವರೇ ಅದನ್ನು ಇಟ್ಟಿರುತ್ತಾರೆ.

@ಮುಳ್ಳೇರಿಯ_ಬೈಕ್: ಹರಿಯಾಣದ ನಾರ್ನೌಲ್ ಹತ್ತಿರ ಜನ ಹಾರುತ್ತಾರೆ. ಮೈಸೂರಿನ ಮಂಡಕಳ್ಳಿಯಲ್ಲೂ ಹಿಂದೆ ಟ್ಯಾಂಡಮ್ (ಇನ್‌ಸ್ಟ್ರಕ್ಟರಿಗೆ ಕಟ್ಟಿಕೊಂಡು ಹಾರುವ) ಕ್ಯಾಂಪ್ ಆಗಿತ್ತು. ಆದರೆ ವಾರವಾರ ಹಾರಿ ಕಲಿಯಬೇಕಾದರೆ ನಮ್ಮವರು ದುಬೈ, ಥಾಯ್ಲೆಂಡ್ ಅಂತ ಹೋಗುವುದೇ ಜಾಸ್ತಿ.

ಕುಂಬಳೆ ಹವಾಲ್ದಾರ್:

ಅಕ್ಕ ಹೇಳಿದ್ದು ಸರಿ. ನಾನು ಫೌಜಿನವ, ಆಗ್ರಾದಲ್ಲಿ ಪ್ಯಾರಾ ಕೋರ್ಸ್ ಮಾಡಿದವ. ನಮ್ಮದು ಐದು ಜಂಪ್, ಒಂದು ರಾತ್ರಿಯದ್ದು, ಆಮೇಲೆ ಎದೆಗೆ ವಿಂಗ್ಸ್. ನಮ್ಮ ಕೆಲಸ ಬೇರೆ ತರ, ವಿಮಾನದೊಳಗಿನ ತಂತಿಗೆ ಕೊಕ್ಕೆ ಸಿಕ್ಕಿಸುವುದು, ಹಾರಿದ ಕೂಡಲೇ ಅದೇ ಎಳೆದು ಪ್ಯಾರಾಶೂಟ್ ಬಿಡಿಸುತ್ತದೆ, ಕೆಳಗೆ ನೋಡುವಷ್ಟರಲ್ಲಿ ನೆಲ ಬಂದಿರುತ್ತದೆ. ನಿಮ್ಮ ಹಾಗೆ ಒಂದು ನಿಮಿಷ ಗಾಳಿಯಲ್ಲಿ ಹೊರಳಾಡಲು ಸಿಗುವುದಿಲ್ಲ.

ಒದ್ದೆ ಪ್ಯಾರಾಶೂಟನ್ನು ಅಲ್ಲಿ ನೆಲದ ಮೇಲೆ ಹರಡುತ್ತಿರಲಿಲ್ಲ. ಎತ್ತರದ ಮಾಡಿನ ಕೆಳಗೆ, ನೆರಳಲ್ಲಿ, ತುದಿ ಹಿಡಿದು ತೂಗಿ ಹಾಕುವುದು. ನಿಮ್ಮದು ಮಾಳಿಗೆ ಮನೆ ಆದರೆ ಮೆಟ್ಟಿಲಿನ ಜಾಗದಲ್ಲಿ ತೂಗಿ ಹಾಕಿ, ಫ್ಯಾನ್ ಹಾಕಿ ಬಿಡಿ. ಒಲೆಯ ಹೊಗೆ ಬರುವಲ್ಲಿ ಬೇಡ. ಆಟಿ ತಿಂಗಳಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಅದಕ್ಕೆ ಅವಸರ ಮಾಡಬೇಡಿ, ಎರಡು ದಿನ ಬಿಡಿ.

ರಿಸರ್ವ್ ಪ್ಯಾಕ್ ಮಾಡಿದ ತಾರೀಕು ನೋಡಿದ್ದೀರಾ? ಕಾರ್ಡಿನಲ್ಲಿ ಬರೆದಿರುತ್ತದೆ.

ಬದಿಯಡ್ಕದವ:

ಅಕ್ಕಾ, ನಿಮ್ಮ ಉತ್ತರ ಓದಿದ ಕೂಡಲೇ ಅಟ್ಟ ಹತ್ತಿದೆ. ಚೀಲ ಇಟ್ಟದ್ದು ಹಲಗೆಯ ಮೇಲೆ, ಅದರ ಪಕ್ಕದಲ್ಲೇ, ಒಂದು ಗೇಣು ಕೂಡ ದೂರ ಇಲ್ಲ, ಆಸಿಡಿನ ಕ್ಯಾನ್. ನಾನು ಇಡುವಾಗ ಅದು ಅಲ್ಲಿರಲಿಲ್ಲ. ಟ್ಯಾಪಿಂಗ್‌ಗೆ ಬರುವವರು ಮಳೆಗೆ ಕೆಲಸ ನಿಲ್ಲಿಸುವಾಗ, ಮಕ್ಕಳ ಕೈಗೆ ಸಿಗಬಾರದು ಅಂತ ಮೇಲಕ್ಕೆ ಇಟ್ಟದ್ದಂತೆ. ಒಳ್ಳೆಯದಕ್ಕೇ ಇಟ್ಟದ್ದು, ಎಂತ ಹೇಳುವುದು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಪ್ಲಾಸ್ಟಿಕ್ ಚೀಲದ ಹೊರಗೆ ಒಂದು ಕಡೆ ಒದ್ದೆ ಇತ್ತು, ಚೀಲಕ್ಕೆ ಅಲ್ಲೊಂದು ತೂತೂ ಉಂಟು (ಇಲಿಯದ್ದೋ, ನಾನು ಎಳೆದು ತಂದಾಗ ಆದದ್ದೋ). ಒಳಗೆ ಎಡಗಾಲಿನ ಪಟ್ಟಿಯ ತುದಿಯಲ್ಲಿ ಒಂದು ರೂಪಾಯಿ ಅಗಲದ ಕಲೆ. ನೀರಿನ ಕಲೆಯೂ ಆಗಿರಬಹುದು. ಸೋಪಿನಲ್ಲಿ ತೊಳೆದು ಒಣಗಿಸಿ ಜೋರಾಗಿ ಎಳೆದು ನೋಡಲಾ?

@ಹವಾಲ್ದಾರ್ ಅಣ್ಣ: ಕಾರ್ಡ್ ನೋಡಿದೆ. ಪ್ಯಾಕ್ ಆದದ್ದು ಫೆಬ್ರವರಿಯಲ್ಲಿ.

@ಮುಳ್ಳೇರಿಯ_ಬೈಕ್: ಅಮ್ಮನಿಗೆ ಗೊತ್ತುಂಟು. ಅಪ್ಪನಿಗೆ ಅದು ಪ್ಯಾರಾಶೂಟ್ ಅಂತ ಗೊತ್ತುಂಟು, ನಾನು ಹಾರುತ್ತೇನೆ ಅಂತ ಗೊತ್ತಿಲ್ಲ.

ಮಂಜೇಶ್ವರದ ಅಕ್ಕ:

ತೊಳೆಯಬೇಡ. ಎಳೆದು ನೋಡುವುದರಿಂದ ಎಂತದೂ ಗೊತ್ತಾಗುವುದಿಲ್ಲ. ನೀನು ಎರಡು ಕೈಯಲ್ಲಿ ಎಳೆಯುವುದಕ್ಕೂ ಪ್ಯಾರಾಶೂಟ್ ಬಿಚ್ಚುವ ಜರ್ಕಿಗೂ ಎಲ್ಲಿಂದೆಲ್ಲಿಗೆ! ಕಲೆಯ ಫೋಟೋ ತೆಗೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಏನು ತಾಗಿದ್ದಿರಬಹುದು ಅಂತ ಒಂದು ಚೀಟಿಯಲ್ಲಿ ಬರೆದು ರಿಗ್ಗಿಗೆ ಕಟ್ಟು, ಅಕ್ಟೋಬರಿಗೆ ನೀನೇ ಮರೆತಿರುತ್ತೀ. ಕಾಲಿನ ಪಟ್ಟಿ ಬದಲಿಸಲು ಆಗುತ್ತದಾ, ಬೇರೆ ಎಲ್ಲಿಗಾದರೂ ತಾಗಿದೆಯಾ ಅನ್ನುವುದನ್ನು ರಿಗ್ಗರ್ ಹೇಳಬೇಕು, ನಾನಲ್ಲ. ನಾನು ಪ್ಯಾಕರ್, ರಿಗ್ಗರ್ ಅಲ್ಲ. ಅಲ್ಲಿಯವರೆಗೆ ಆ ರಿಗ್ಗಿನಲ್ಲಿ ಹಾರುವ ಮಾತೇ ಬೇಡ.

ಅಮೆರಿಕದ ಲೆಕ್ಕದಲ್ಲಿ ರಿಸರ್ವನ್ನು ತಿರುಗಿ ಪ್ಯಾಕ್ ಮಾಡಿಸಲು 180 ದಿನ. ಮೊದಲು 120 ಇತ್ತು, 2008ರಲ್ಲಿ ಜಾಸ್ತಿ ಮಾಡಿದರು. ಫೆಬ್ರವರಿಯದ್ದು ಆದರೆ ಆಗಸ್ಟಿಗೆ ಮುಗಿಯುತ್ತದೆ. ಹೇಗೂ ರಿಗ್ಗರ್ ಹತ್ತಿರ ಹೋಗಲೇಬೇಕು, ಎರಡೂ ಒಟ್ಟಿಗೆ ಆಗಲಿ.

ನಿನಗೆ ಸಣ್ಣ ವಿಷಯ ಅನ್ನಿಸಬಹುದು. ಪ್ಯಾಟ್ರಿಕ್ ದ ಗೇಯಾರ್ಡನ್ ಹೆಸರು ಕೇಳಿರುತ್ತೀ, ಇವತ್ತಿನ ವಿಂಗ್‌ಸೂಟ್ ಇರುವುದೇ ಅವನ ಪ್ರಯೋಗಗಳಿಂದ. 1998ರಲ್ಲಿ ಹವಾಯಿಯಲ್ಲಿ ಸತ್ತ. ಸೂಟ್ ಕೈಕೊಟ್ಟದ್ದಲ್ಲ. ಪ್ಯಾರಾಶೂಟ್ ಕಂಟೇನರಿಗೆ ಅವನೇ ಮಾಡಿದ ಒಂದು ಬದಲಾವಣೆಯಲ್ಲಿ ತಪ್ಪಾಗಿತ್ತು. ಅಷ್ಟು ಅನುಭವ ಇದ್ದವನು.

ಮುಳ್ಳೇರಿಯ_ಬೈಕ್:

ಇದನ್ನೆಲ್ಲ ಓದಿದ ಮೇಲೆ ನಮ್ಮ ಕೊನೆ ಕೊಯ್ಯುವವರ ತಳೆ ನಾಳೆ ಒಮ್ಮೆ ನೋಡುವ ಅನ್ನಿಸಿತು. ಅದೂ ಇರುವುದು ಇನ್ವರ್ಟರ್ ಹತ್ತಿರವೇ.

ಒಂದು ಡೌಟು. ನಿನ್ನ ರಿಗ್ಗನ್ನು ವಿಮಾನದಲ್ಲಿ ಹೇಗೆ ತಂದದ್ದು? ಹಿಡಿಯಲಿಲ್ಲವಾ?

ಬದಿಯಡ್ಕದವ:

ಹಿಡಿದರು. ಕೈಚೀಲದ ಹಾಗೆ ಒಳಗೇ ತಂದೆ, ಲಗೇಜಿಗೆ ಹಾಕಲು ಮನಸ್ಸಿಲ್ಲ. ಸ್ಕ್ಯಾನರಿನಲ್ಲಿ ಎಎಡಿಯ ವೈರು, ಡಬ್ಬ, ಕತ್ತರಿಸುವ ಭಾಗ ಎಲ್ಲ ಕಂಡು ನಾಲ್ಕು ಜನ ಸೇರಿದರು. ಎಕ್ಸ್‌ರೇಯಿಂದ ಅದಕ್ಕೆ ತೊಂದರೆ ಇಲ್ಲ, ತೊಂದರೆ ನನಗೆ. ಕಂಪೆನಿಯ ಕಾರ್ಡ್ ತೋರಿಸಿ, ಬಿಚ್ಚಬೇಡಿ ಸ್ವಾಮಿ ಅಂತ ಮೂರು ಭಾಷೆಯಲ್ಲಿ ಹೇಳಿ, ಮುಕ್ಕಾಲು ಗಂಟೆ ಆಯಿತು. ತರುವವರು ಬೇಗ ಹೋಗಿ.

ಅಪ್‌ಡೇಟ್: ರಿಗ್ ಈಗ ನನ್ನ ಮಂಚದ ಮೇಲೆ, ನಾನು ಚಾಪೆಯಲ್ಲಿ. ಮೇನನ್ನು ಮೆಟ್ಟಿಲ ಹತ್ತಿರ ತೂಗಿ ಹಾಕಿದ್ದೇನೆ. ಅಪ್ಪ ಕೆಳಗೆ ನಿಂತು ಬಟ್ಟೆ ಮುಟ್ಟಿ ನೋಡಿ, ಮಳೆ ಬರುವಾಗ ಅಂಗಳದ ಅಡಿಕೆಗೆ ಮುಚ್ಚಲು ಇದು ಟರ್ಪಾಲಿಗಿಂತ ಹಗುರ ಅಲ್ವಾ ಅಂತ ಕೇಳಿದರು. ಫೋಟೋ ರಿಗ್ಗರಿಗೆ ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ. ಸೂಟಿನವನಿಗೆ ಬೇಡ ಅಂತ ಮೆಸೇಜ್ ಹಾಕಿದೆ, ಅವನು ಇನ್ನೂ ಕಮ್ಮಿ ಮಾಡಿದ್ದಾನೆ.

3-ರಿಂಗ್ ಈಗಷ್ಟೇ ಬಿಚ್ಚಿ ಜೋಡಿಸಿದೆ ಅಕ್ಕಾ. ಬಲಗಡೆಯದ್ದು ತಟ್ಟನೆ ಬಿಟ್ಟಿತು. ಎಡಗಡೆಯದ್ದನ್ನು ಬೆರಳಿನಲ್ಲಿ ದೂಡಬೇಕಾಯಿತು.