ಟೂತ್‌ಪೇಸ್ಟಿನ ನೊರೆ

ಕಳೆದ ಭಾನುವಾರ ಬೆಳಿಗ್ಗೆ ಇಳಕಲ್ಲಿನ ಕಾಕು ನಮ್ಮ ಮನೆತನದ ಗುಂಪಿಗೆ ಒಂದು ಸಂದೇಶವನ್ನು ದಾಟಿಸಿದರು. ಮೂತ್ರಕ್ಕೆ ಬಿಳಿ ಟೂತ್‌ಪೇಸ್ಟ್ ಬೆರೆಸಿದಾಗ ನೊರೆ ಬಂದರೆ, ಬಸಿರಾದ ಮೂರನೆಯ ದಿನಕ್ಕೇ ಅದು ಖಚಿತವಾಗುತ್ತದೆ ಎಂಬುದು ಅದರ ಸಾರ. "ನಮ್ಮ ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ" ಎಂದು ಕೆಳಗೆ ಬರೆದಿದ್ದರಾದರೂ, ತಮ್ಮನ ಮದುವೆಯಾಗಿ ಐದು ತಿಂಗಳಾಗಿದ್ದರಿಂದ ಅದು ಯಾರನ್ನು ಕುರಿತದ್ದೆಂದು ಯಾರೂ ಕೇಳಲಿಲ್ಲ.

ವಿಜಯಪುರದಲ್ಲಿ ನರ್ಸ್ ಆಗಿರುವ ತಂಗಿ ಕೂಡಲೇ ಬರೆದಳು: "ಕಾಕು, ಇದನ್ನು ಹೇಳಿದ ವೈದ್ಯರು ಯಾರು? ಪೇಸ್ಟಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಮೂತ್ರದ ಆಮ್ಲಕ್ಕೆ ತಾಗಿದರೆ ನೊರೆ ಬರಬಹುದು. ಕಾಕಾ ಅವರು ಪರೀಕ್ಷಿಸಿಕೊಂಡರೂ ಬರಬಹುದು. ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಸುಮಾರು 6ರಿಂದ 10 ದಿನಗಳು ಬೇಕು, ಬಸಿರನ್ನು ತೋರಿಸುವ ಎಚ್‌ಸಿಜಿ ಎಂಬ ಹಾರ್ಮೋನು ಕಾಣಿಸಿಕೊಳ್ಳುವುದು ಆನಂತರವೇ. ದಿನ ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ಟಿನಿಂದ ನೋಡಬೇಕು, ಇಲ್ಲವೆಂದು ಬಂದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು."

ಕಾಕಾ ಅವರ ಹೆಸರು ಬಂದದ್ದೇ ತಡ, ಕಿಟ್ಟಿನ ಮಾತು ಅಲ್ಲಿಗೇ ನಿಂತಿತು. ಜಮಖಂಡಿಯ ದೊಡ್ಡಪ್ಪ, ನಿವೃತ್ತ ಮಾಸ್ತರರು, ಹಿರಿಯರಿರುವ ಗುಂಪಿನಲ್ಲಿ ನಾಲಿಗೆಗೆ ಹಿಡಿತವಿರಬೇಕೆಂದೂ, ತಮ್ಮ ಕಾಲದಲ್ಲಿ ಸೊಸೆ ಒಗ್ಗರಣೆಯ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದರೆ ಅತ್ತೆಗೆ ಎಲ್ಲವೂ ತಿಳಿಯುತ್ತಿತ್ತೆಂದೂ ಉಪದೇಶಿಸಿದರು. ವಾಕರಿಕೆ ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ ಆರಂಭವಾಗುತ್ತದೆ, ಕೆಲವರಿಗೆ ಬರುವುದೇ ಇಲ್ಲ, ಸ್ತನಗಳ ನೋವು ಮತ್ತು ದಣಿವು ಮುಟ್ಟಿನ ಮುಂಚೆಯೂ ಇರುತ್ತವೆ ಎಂದು ತಂಗಿ ವಿವರಿಸಿದ್ದಕ್ಕೆ ಅವರು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದರು.

ಅಷ್ಟರಲ್ಲಿ ಸೋದರಮಾವನ ಮಗನಿಗೆ, ಹಿನ್ನೀರಿನಲ್ಲಿ ಮುಳುಗುವ ಮೊದಲಿನ ಹಳೆಯ ಬಾಗಲಕೋಟೆಯ ಮನೆ ನೆನಪಾಯಿತು. ಅತ್ತೆ ಬಸಿರಿನಲ್ಲಿ ಹಿತ್ತಲಿನ ಕೆಮ್ಮಣ್ಣು ತಿನ್ನುತ್ತಿದ್ದುದು, ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸಿಹಿ ಮಾದಲಿ ಮಾಡಿದ್ದು, ಹಸಿರು ಇಳಕಲ್ ಸೀರೆ ಉಡಿಸಿದ್ದು ಎಲ್ಲವನ್ನೂ ಬರೆದ. ಮಣ್ಣು ತಿನ್ನಬೇಕೆನಿಸುವುದು ಕಬ್ಬಿಣಾಂಶದ ಕೊರತೆಯ ಗುರುತಿರಬಹುದು, ಅದನ್ನು ಬಯಕೆಯೆಂದು ಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದಳು ತಂಗಿ. ಕಾಕು ಮಾತ್ರ ಕುಬಸವನ್ನೇ ಹಿಡಿದುಕೊಂಡರು: "ಆ ಕುಬಸದ ಸುದ್ದಿ ಜಮಖಂಡಿಗೆ ಮೂರು ತಿಂಗಳಿಗೇ ಹೋಗಿತ್ತು, ನಮಗೆ ಹಿಂದಿನ ದಿನ ತಿಳಿಸಿದರು."

ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬುದು ರೂಢಿ ಎಂದು ದೊಡ್ಡಪ್ಪ ಸಮರ್ಥಿಸಿದರು. ನನಗೆ ಮುಖ್ಯವೆನಿಸಿದ ಮಾತನ್ನು ತಂಗಿ ಆಗ ಬರೆದಳು: ನೆಂಟರಿಂದ ಮುಚ್ಚಿಟ್ಟರೂ ಆಶಾ ಕಾರ್ಯಕರ್ತೆಯಿಂದ ಮುಚ್ಚಿಡಬಾರದು, 12 ವಾರದೊಳಗೆ ತಾಯಿ ಕಾರ್ಡ್ ಮಾಡಿಸಬೇಕು, ದಿನ ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದು ಬದಿಗೆ ತೀವ್ರ ನೋವು ಬಂದರೆ ಅಥವಾ ರಕ್ತ ಹೋದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಯಾರೂ ಉತ್ತರಿಸಲಿಲ್ಲ. ತಮ್ಮನ ಹೆಂಡತಿ ಮದುವೆಯ ವಾರದಲ್ಲೇ ಗುಂಪನ್ನು ಮ್ಯೂಟ್ ಮಾಡಿದ್ದಳೆಂದು ಆಮೇಲೆ ತಿಳಿಯಿತು.

ಸಂಜೆಗೆ ಕಾಕು ಮೂಲ ಸಂದೇಶವನ್ನು ಅಳಿಸಿದರು. ರಾತ್ರಿ ದೊಡ್ಡಪ್ಪ ಕೇಳಿದರು: "ಅದರಲ್ಲಿ ಏನಿತ್ತು? ನಾನು ಇನ್ನೂ ಓದಿರಲಿಲ್ಲ."